“ಎತ್ತು” ಎಂದವರು ಯಾರು?

ದೆವ್ವ, ಗಾಳಿ, ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ಸವದತ್ತಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಂಥ ಎಷ್ಟೋ ಕಥೆಗಳಿಗೆ ನಕ್ಕು ಬೈಸಿಕೊಂಡಿದ್ದೇನೆ. ಈಗ ನಾನೇ ಒಂದನ್ನು ಹೇಳಹೊರಟಿದ್ದೇನೆ. ನಗುವುದಿದ್ದರೆ ನಕ್ಕುಬಿಡಿ, ನನಗೇನೂ ಸಿಟ್ಟಿಲ್ಲ.

ಮುಂಬೈ ಆಚೆಯ ಸಮುದ್ರದಲ್ಲಿ ನಿಂತ ಒಂದು ಬಾರ್ಜಿನ, ಅಂದರೆ ಚಪ್ಪಟೆ ತಳದ ದೊಡ್ಡ ಹಡಗಿನ, ಮೇಲೆ ನಾನು ಕ್ರೇನ್ ನಡೆಸುತ್ತೇನೆ. ಬೋಟಿನಲ್ಲಿ ಬಂದವರನ್ನು ಬಲೆಯ ಬುಟ್ಟಿಯಲ್ಲಿ ನಿಲ್ಲಿಸಿ ಬಾರ್ಜಿಗೆ ತರುವುದೂ ನನ್ನ ಕೆಲಸವೇ. ಬೋಟು ಅಲೆಯ ನೆತ್ತಿಗೆ ಬಂದಾಗಲೇ ಬುಟ್ಟಿ ಮೇಲೇಳಬೇಕು. ಸ್ವಲ್ಪ ತಪ್ಪಿದರೂ ಮನುಷ್ಯ ಕಬ್ಬಿಣಕ್ಕೆ ಬಡಿಯುತ್ತಾನೆ, ಇಲ್ಲವೇ ನೀರುಪಾಲಾಗುತ್ತಾನೆ.

ಆ ಬೋಟಿನಲ್ಲಿ ನಮ್ಮೂರು ಮನೋಳಿಯ ಹುಡುಗ ಬಸು ಕೆಲಸಕ್ಕಿದ್ದ. ನಮ್ಮ ಓಣಿಯಲ್ಲಿ ಒಂದು ರೂಢಿಯಿದೆ. ಹೂಳು ತೆಗೆಯಲು ಬುಟ್ಟಿಯಲ್ಲಿ ಬಾವಿಗಿಳಿದವನು ಮೇಲೆ ಬರುವಾಗ ‘ಎತ್ತು’ ಅನ್ನುವುದಿಲ್ಲ. ಎತ್ತುವುದು ಹೆಣವನ್ನು. ಜೀವ ಇದ್ದವನು ‘ಬರತೇನಿ’ ಅನ್ನಬೇಕು. ಆ ರೂಢಿಯನ್ನು ನಾವಿಬ್ಬರೂ ಸಮುದ್ರಕ್ಕೂ ತಂದಿದ್ದೆವು. ಬಸು ಬುಟ್ಟಿಯಲ್ಲಿದ್ದಾಗ, ಸಿಗ್ನಲ್ ಬಂದ ಮೇಲೂ ವಾಕಿಟಾಕಿಯಲ್ಲಿ ಅವನು ‘ಬರತೇನಿ’ ಅನ್ನದೆ ನಾನು ಏರಿಸುತ್ತಿರಲಿಲ್ಲ. ಸಿಗ್ನಲ್ ಕೊಡುವ ಮಲಯಾಳಿ ನಮ್ಮನ್ನು ‘ಬರತೇನಿ’ ಎಂದೇ ಕರೆದು ಕಾಡಿಸುತ್ತಿದ್ದ.

ಅವತ್ತು ಮಳೆಗಾಲದ ಮಧ್ಯಾಹ್ನ. ಸವದತ್ತಿಯಲ್ಲಿ ಬಸುವಿನ ಹೆಂಡತಿಗೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು. ಬಾರ್ಜಿಗೆ ಹೆಲಿಕಾಪ್ಟರ್ ಬರುವುದಿತ್ತು. ಅದು ತಪ್ಪಿದರೆ ಮತ್ತೆ ಯಾವಾಗಲೋ. ಗಾಳಿ ತುಸು ಇಳಿದದ್ದೇ ಬಸುವನ್ನು ಬುಟ್ಟಿಯಲ್ಲಿ ಬಾರ್ಜಿಗೆ ತರಲು ಕ್ಯಾಪ್ಟನ್ ಒಪ್ಪಿದರು. ನನಗೆ ಮನಸ್ಸಿರಲಿಲ್ಲ, ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ.

ಬುಟ್ಟಿ ಬೋಟಿನ ಮೇಲೆ ಕೂತಿತು, ಬಸು ಹತ್ತಿದ. ಮಳೆಯಲ್ಲಿ ಅವನ ಕೆಂಪು ಹೆಲ್ಮೆಟ್ ಬಿಟ್ಟರೆ ನನಗೇನೂ ಕಾಣುತ್ತಿರಲಿಲ್ಲ. ಬೋಟು ಏರಿತು. ಸಿಗ್ನಲ್‌ನವನು ಸರಿ ಎಂದ. ಕೂಡಲೇ ಬಸುವಿನ ದನಿ ಕೇಳಿತು.

“ಎತ್ತು.”

ಲಿವರ್ ಮೇಲೆ ಕೈ ಹಾಗೇ ನಿಂತಿತು. ಮತ್ತೆ ಅದೇ ದನಿ, “ಎತ್ತು.” ಏರಿಸುವ ಬದಲು, ಬುಟ್ಟಿ ಬೋಟಿನ ಮೇಲೇ ಉಳಿಯಲಿ ಎಂದು ನಾನು ಕ್ರೇನಿನ ವಾಯರನ್ನು ಇನ್ನಷ್ಟು ಸಡಿಲ ಬಿಟ್ಟೆ. ಬೋಟು ಧಡಾರನೆ ಕೆಳಗಿಳಿಯಿತು. ಅಷ್ಟರಲ್ಲಿ ಬೋಟಿನವರು ಚೀರಿದರು. ಬುಟ್ಟಿ ತೂಗಾಡದಂತೆ ಹಿಡಿಯಲು ಇಳಿಬಿಟ್ಟಿದ್ದ ಹಗ್ಗ ಬೋಟಿನ ಒಂದು ಕಬ್ಬಿಣದ ಗೂಟಕ್ಕೆ ಸುತ್ತಿಕೊಂಡಿತ್ತು. ನಾನು ಏರಿಸಿದ್ದರೆ ಬುಟ್ಟಿ ಮಗುಚಿ ಬಸು ಬೋಟಿಗೂ ಬಾರ್ಜಿಗೂ ನಡುವೆ ಬೀಳುತ್ತಿದ್ದ. ಹಗ್ಗ ಕೊಯ್ದರು. ಆಮೇಲೆ ‘ಬರತೇನಿ’ ಕೇಳಿಸಿತು. ಅವನನ್ನು ಮೇಲೆ ತಂದೆ.

ಬಂದವನೇ ನನ್ನ ಕೈ ಹಿಡಿದುಕೊಂಡ. “ಹಗ್ಗ ಸಿಕ್ಕೊಂಡಿದ್ದು ನಿನಗ ಹ್ಯಾಂಗ ಕಾಣ್ತೋ ಅಣ್ಣಾ? ನಾ ಎರಡ ಸಲ ಬರತೇನಿ ಅಂದೆ, ನೀ ಏರಸ್ಲೇ ಇಲ್ಲ!”

“ಬರತೇನಿ ಎಲ್ಲಿ ಅಂದಿ? ಎತ್ತು ಅಂದಿ.”

“ಹುಚ್ಚ ಹಿಡದೈತೇನ ನಿನಗ? ಹೇಣ್ತಿ ದವಾಖಾನ್ಯಾಗ ಅದಾಳ. ಇಂಥಾದ್ರಾಗ ಆ ಮಾತು ಯಾಕ ಆಡ್ಲಿ ನಾ?”

ಮಲಯಾಳಿಯನ್ನು ಕೇಳಿದೆ. ಅವನ ವಾಕಿಟಾಕಿಯಲ್ಲೂ ಎರಡು ಸಲ ‘ಬರತೇನಿ’ಯೇ ಕೇಳಿತ್ತು. ಆಣೆ ಮಾಡಿ ಹೇಳಿದ.

ಗಾಳಿಯ ಸದ್ದಿರಬೇಕು, ನನ್ನ ಪುಕ್ಕಲುತನವಿರಬೇಕು ಎಂದೆಲ್ಲ ಸಮಾಧಾನ ಮಾಡಿಕೊಂಡು ನೋಡಿದ್ದೇನೆ. ಮನಸ್ಸು ಒಪ್ಪುವುದಿಲ್ಲ. ಬಸುವಿನ ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಾನು ಊರಿಗೆ ಹೋದರೆ ಅಪ್ಪನ ಹೆಗಲೇರಿ ನಮ್ಮ ಮನೆಗೆ ಬರುತ್ತಾಳೆ. ಅವತ್ತು ನನ್ನ ಕಿವಿ ನೆಟ್ಟಗೆ ಕೇಳಿಸಿಕೊಂಡಿದ್ದರೆ ಆ ಕೂಸಿಗೆ ಅಪ್ಪ ಇರುತ್ತಿರಲಿಲ್ಲ.