ಒಂದೇ ನಂಬರಿನ ಎರಡು ಟ್ಯೂಬು

ಕಾಕ್ಸ್ ಟೌನಿನ ಆ ನರ್ಸಿಂಗ್ ಹೋಮಿಗೆ ಎರಡನೇ ಕಂಪ್ಯೂಟರ್ ಬಂದಾಗ ಎಲ್ಲರಿಗಿಂತ ಖುಷಿಪಟ್ಟವಳು ನಾನು. ಬಿ.ಎಸ್ಸಿ. ಮುಗಿಸಿ ರೋಗಿಗಳ ನೋಂದಣಿಗೆ ಸೇರಿದ್ದೆ. ಅದುವರೆಗೆ ಒಂದೇ ಕೌಂಟರ್. ಹೆಸರು, ವಯಸ್ಸು ಟೈಪು ಮಾಡಿ ಗುಂಡಿ ಒತ್ತಿದರೆ, ಪ್ರೋಗ್ರಾಂ ಡೇಟಾಬೇಸಿನಲ್ಲಿರುವ ಅತಿ ದೊಡ್ಡ ನಂಬರನ್ನು ನೋಡಿ, ಒಂದು ಕೂಡಿಸಿ, ಹೊಸ ರೋಗಿಗೆ ಕೊಡುತ್ತಿತ್ತು. ಎರಡು ಕೌಂಟರಿನವರು ಒಂದೇ ಕ್ಷಣ ಒತ್ತಿದರೆ ಇಬ್ಬರಿಗೂ ಅದೇ ನಂಬರ್ ಸಿಗುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಆ ಬೆಳಿಗ್ಗೆ ನನ್ನ ಮುಂದೆ ಕಮ್ಮನಹಳ್ಳಿಯ ಒಬ್ಬ ಬಸುರಿ, ರಕ್ತದ ಗುಂಪು ತಿಳಿಯಲು ಬಂದಿದ್ದಳು. ಪಕ್ಕದ ಕೌಂಟರಿನ ಗೆಳತಿಯ ಮುಂದೆ ರಾಯಚೂರು ಕಡೆಯ ಗಾರೆ ಕೆಲಸದವನು. ಬೇರೆಡೆ ಹೆರಿಗೆಯಾಗಿ ರಕ್ತ ನಿಲ್ಲದ ಅವನ ಹೆಂಡತಿಯನ್ನು ಆಗಷ್ಟೇ ಮಹಡಿಯ ವಾರ್ಡಿಗೆ ಸೇರಿಸಿದ್ದರು; ಅವಳ ಹೆಸರು ಬರೆಸಲು ಅವನು ಕೆಳಗೆ ಬಂದಿದ್ದ.

"ಬೇಗ ಮಾಡಮ್ಮ, ನೀನು ಟೈಪ್ ಮಾಡೋಷ್ಟರಲ್ಲಿ ಮಗು ಸ್ಕೂಲಿಗೇ ಹೋಗ್ಬಿಡುತ್ತೆ," ಎಂದರು ಬಸುರಿಯ ಅತ್ತೆ. ನಕ್ಕು ಗುಂಡಿ ಒತ್ತಿದೆ. ಅದೇ ಕ್ಷಣ ಗೆಳತಿಯೂ ಒತ್ತಿದಳು.

ಲ್ಯಾಬಿಗೆ ಹೆಸರಿಲ್ಲದೆ, ಒಂದೇ ನಂಬರ್ ಹೊತ್ತ ಎರಡು ರಕ್ತದ ಟ್ಯೂಬು ಹೋದವು. ಟೆಕ್ನಿಷಿಯನ್ ಬಸುರಿಯದನ್ನು ಪರೀಕ್ಷಿಸಿ 'ಬಿ' ಎಂದು ದಾಖಲಿಸಿದ. ಎರಡನೆಯದನ್ನು ಎತ್ತಿಕೊಂಡಾಗ ಆ ನಂಬರಿಗೆ ಫಲಿತಾಂಶ ಆಗಲೇ ಇತ್ತು. ಆಗಿದೆಯೆಂದು ಪಕ್ಕಕ್ಕಿಟ್ಟ. ಇಬ್ಬರ ರಿಪೋರ್ಟೂ 'ಬಿ' ಎಂದೇ ಬಂತು.

ಬಸುರಿಯ ರಿಪೋರ್ಟ್ ಕೊಡಲು ಹೋದವಳು ಗೆಳತಿಯ ಮೇಜಿನ ಮೇಲಿದ್ದ, ಗಾರೆಯವನ ಹೆಂಡತಿಯ ರಿಪೋರ್ಟಿನ ಪ್ರತಿ ನೋಡಿದೆ.

"ನಿಂದೂ ಇದೇ ನಂಬರಾ?"

"ಅಯ್ಯೋ, ಮೇಲೆ ರಕ್ತ ಹಾಕ್ತಿದಾರೆ ಕಣೇ!"

ತುರ್ತೆಂದು, ಚೀಲದ ರಕ್ತ ಆಕೆಯ ರಕ್ತಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆಗೂ ಕಾದಿರಲಿಲ್ಲ. ನಾನು ಮೆಟ್ಟಿಲು ಹತ್ತಿ ಓಡಿ ವಾರ್ಡಿಗೆ ನುಗ್ಗಿದಾಗ ಚೀಲ ತೂಗುತ್ತಿತ್ತು, ನರ್ಸ್ ಪೈಪನ್ನು ಆಕೆಯ ಕೈಗೆ ಜೋಡಿಸಲು ಬಗ್ಗಿದ್ದರು.

"ಸಿಸ್ಟರ್, ಬೇಡ! ಅದು ಇವರ ಗುಂಪಲ್ಲದೆ ಇರಬಹುದು!"

ನರ್ಸ್ ಚೀಲ ಇಳಿಸಿದರು. ಗಂಡ ಸ್ಟ್ಯಾಂಡನ್ನೇ ತಬ್ಬಿ ಹಿಡಿದ. "ಯಾಕ್ರೀ ಅಕ್ಕಾರ, ಯಾಕ ತೆಗೀತೀರಿ? ಸಾಯಾಕತ್ಯಾಳ್ರೀ!"

ಡಾಕ್ಟರು ನನ್ನಿಂದ ಕೇಳಿ ತಿಳಿದು, ನಡೆದದ್ದನ್ನು ಮರೆಮಾಚದೆ ಅವನಿಗೆ ಹೇಳಿದರು. ಅವನು ಸ್ಟ್ಯಾಂಡ್ ಬಿಟ್ಟ.

"ಹಂಗಾದ್ರ ಇಕಿ ರಕ್ತ ಯಾರೂ ನೋಡೇ ಇಲ್ಲೇನ್ರೀ?"

ನಾನು ಲ್ಯಾಬಿಗೆ ಓಡಿದೆ. ಟ್ಯೂಬು ಇಟ್ಟಲ್ಲೇ ಇತ್ತು. ಅವಳದು 'ಓ'. ಸರಿಯಾದ ಚೀಲ ಬರುವವರೆಗೆ ಅವಳ ತುಟಿ ಬಿಳುಪೇರುತ್ತಿದ್ದುದನ್ನು ಎಲ್ಲರೂ ನೋಡುತ್ತ ನಿಂತೆವು. ಬದುಕಿದಳು.

ಆಮೇಲೆ ಪ್ರೋಗ್ರಾಂ ಬರೆದವರು ಬಂದು, ನಂಬರ್ ಕೊಡುವ ಕೆಲಸವನ್ನು ಡೇಟಾಬೇಸಿಗೇ ಬಿಟ್ಟರು. ಒಮ್ಮೆ ಕೊಟ್ಟದ್ದನ್ನು ಅದು ಮತ್ತೊಬ್ಬರಿಗೆ ಕೊಡುವುದಿಲ್ಲ.

ನನಗೆ ಮಾತ್ರ ಆ ಮೆಟ್ಟಿಲು ಹತ್ತಿ ಮುಗಿದಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಓಡುತ್ತಿರುತ್ತೇನೆ. ಕೆಲವು ಸಲ ನಾನು ತಲುಪುವಷ್ಟರಲ್ಲಿ ಪೈಪು ಕೆಂಪಾಗಿರುತ್ತದೆ.