ಐದೇ ಸಲದ ಹೆಚ್ಚುಗಾರಿಕೆ

ಎರಡು ವರ್ಷದ ಹಿಂದೆ ಎದೆಯಿಂದ ತೆಗೆಸಿಕೊಂಡಿದ್ದ ಕ್ಯಾನ್ಸರ್ ಈಗ ಸೊಂಟದ ಮೂಳೆಗೆ ಬಂದಿದೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗ ನಾನು ಮೊದಲು ಕೇಳಿದ್ದು, ಈ ಸೊಂಟನೋವು ಹೋಗಿ ಮತ್ತೆ ಹೊಲಿಗೆ ಮಿಷನ್ ತುಳಿಯುವ ಹಾಗಾಗುತ್ತೇನೆಯೇ ಎಂದು. ಮಡಕಶಿರದ ಅರ್ಧ ಊರಿನ ರವಿಕೆಗಳು ನನ್ನ ಕೈಯಲ್ಲಿವೆ ಎಂಬ ಜಂಬ ನನ್ನದು. ಹುಟ್ಟಿದ್ದು ರಾಯದುರ್ಗದಲ್ಲಿ, ಹೊಲಿಗೆಯನ್ನೂ ಜಂಬವನ್ನೂ ತವರಿನಿಂದಲೇ ತಂದೆ.

ರೇಡಿಯೇಷನ್ ಕೊಡೋಣ, ಐದು ಸಲ ಎಂದರು ಡಾಕ್ಟರು. ನಮ್ಮ ಕಡೆ ಇದನ್ನು ಕರೆಂಟ್ ಕೊಡುವುದು ಎನ್ನುತ್ತಾರೆ. ಅವರು ಇನ್ನೂ ಏನೋ ವಿವರಿಸುತ್ತಿದ್ದರು. ಐದು ಎಂಬುದು ಕಿವಿಗೆ ಬಿದ್ದ ಮೇಲೆ ಉಳಿದದ್ದಕ್ಕೆ ನಾನು ಸುಮ್ಮನೆ ತಲೆಯಾಡಿಸಿದೆ.

ಜನ್ಮವಿಡೀ ರಿಪೇರಿ ಮಾಡಿದವಳ ಲೆಕ್ಕ ನೋಡಿ. ಚೂರು ಹರಿದಿದ್ದರೆ ನಾಲ್ಕೈದು ಹೊಲಿಗೆ ಸಾಕು. ಹಾಗಾದರೆ ನನ್ನದೂ ಚೂರೇ ಕಾಯಿಲೆ. ರಾಯದುರ್ಗದ ಅಕ್ಕನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. "ಡಾಕ್ಟ್ರು ಹೇಳಿದ್ದು ಪೂರಾ ಕೇಳಿದೇನ?" ಎಂದಳು. ನಿನ್ನದು ಯಾವಾಗಲೂ ಅಪಶಕುನ ಎಂದು ಗದರಿ ಫೋನ್ ಇಟ್ಟೆ.

ಮೊದಲ ದಿನ ಸೊಂಟದ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ಗೆರೆ ಸೊಟ್ಟಗಿದೆ, ಕಟಿಂಗ್ ಕೆಡುತ್ತದೆ ಎಂದು ಯಂತ್ರ ನಡೆಸುವಾಕೆಗೆ ಬುದ್ಧಿ ಹೇಳಿದೆ. ಅಲ್ಲಾಡಬೇಡಿ ಎಂದಷ್ಟೇ ಆಕೆ ಹೇಳಿದಳು.

ಹೊರಗಿನ ಬೆಂಚಿನಲ್ಲಿ ದಿನವೂ ಪಕ್ಕಕ್ಕೆ ಸಿಗುತ್ತಿದ್ದವರು ಗುಡಿಬಂಡೆ ಕಡೆಯ ಗಂಡ ಹೆಂಡತಿ. ಗಂಡನಿಗೆ ಗಂಟಲು ಕ್ಯಾನ್ಸರ್, ಮೂವತ್ತೈದು ಸಲ ಬರೆದಿದ್ದರು. ಗಂಜಿ ನುಂಗಲೂ ಆತ ಒದ್ದಾಡುತ್ತಿದ್ದ. ಪಾಪ, ಎಷ್ಟು ದೊಡ್ಡ ಕಾಯಿಲೆ ಎಂದು ನನ್ನ ಕರುಳು ಚುರಕ್ಕೆನ್ನುತ್ತಿತ್ತು. ದಿನಾ ಧೈರ್ಯ ಹೇಳುತ್ತಿದ್ದೆ, ಕೊನೆಗೆ ತಪ್ಪದೆ ಸೇರಿಸುತ್ತಿದ್ದೆ: "ನಂದು ಬರೇ ಐದ ಸಲ ನೋಡ್ರಿ, ಶುಕ್ರವಾರ ಊರಿಗೆ ಹೊಂಟೆ." ನೀನು ಪುಣ್ಯವಂತೆ ಎಂದು ಆ ಹೆಂಗಸು ನಿಟ್ಟುಸಿರು ಬಿಡುತ್ತಿದ್ದಳು. ನನಗೆ ಅದರಿಂದ ಖುಷಿಯಾಗುತ್ತಿತ್ತು, ನಾಚಿಕೆಗೇಡಿ ನಾನು.

ಶುಕ್ರವಾರ ಐದನೆಯದೂ ಮುಗಿಯಿತು. ಡಾಕ್ಟರ ಕೋಣೆಗೆ ಹೋಗಿ, ಇನ್ನು ಪೂರ್ತಿ ವಾಸಿಯಾದ ಹಾಗೆ ತಾನೆ ಎಂದೆ.

"ಇದು ನೋವಿಗೆ ಕೊಟ್ಟಿದ್ದಮ್ಮ. ಅವತ್ತೇ ಹೇಳಿದ್ದೆ," ಎಂದರು. "ನೋವು ಇಳಿದರೆ ನೀವು ಕೂತು ಹೊಲೀಬಹುದು. ಕಾಯಿಲೆ ಹೋಗಲ್ಲ. ಮಾತ್ರೆಯಲ್ಲಿ ಆದಷ್ಟು ದಿನ ಹಿಡಿದಿಡೋಣ."

ಹಾಗಾದರೆ ನನಗೂ ಮೂವತ್ತೈದು ಕೊಡಿ ಎಂದು ಕೇಳಿದೆ. ಸಂತೆಯಲ್ಲಿ ಕೊಸರು ಕೇಳುವವಳ ಹಾಗೆ ಕೇಳಿದೆ. ಅಷ್ಟೊಂದು ಸಲ ಕೊಡುವುದು ವಾಸಿ ಮಾಡಬಹುದು ಎಂಬ ಆಸೆ ಇರುವವರಿಗೆ ಎಂದು ಅವರು ನಿಧಾನವಾಗಿ ತಿಳಿಸಿದರು. ಈ ಸಲ ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.

ಹೊರಗೆ ಬಂದರೆ ಗುಡಿಬಂಡೆಯಾಕೆ ಸರಿದು ಜಾಗ ಕೊಟ್ಟಳು.

"ನಿಂದು ಮುಗೀತಾ? ನಮ್ದು ಇನ್ನೂ ಹದ್ನೆಂಟು ಅವೆ ಕಣಮ್ಮ, ಸಾಕಾಗೋಗೈತೆ," ಎಂದಳು.

ಐದು ದಿನ ಅವರಿಗಾಗಿ ಮರುಗಿದ್ದವಳು ನಾನು. ಆ ಹದಿನೆಂಟನ್ನು ಕೇಳಿ ನನಗೆ ಹೊಟ್ಟೆ ಉರಿಯಿತು.