ಸೀಡಿಗೆ ಕುಂಕುಮ ಇಟ್ಟ ವರ್ಷ

ಆಯುಧಪೂಜೆಯ ದಿನ ಅಮ್ಮ ನಮ್ಮ ವಿಂಡೋಸ್ ಸೀಡಿಗೆ ಅರಿಶಿನ ಕುಂಕುಮ ಹಚ್ಚಿದಳು. ಅದೂ ಹೊಳೆಯುವ ಕಡೆಗೆ! "ಅಯ್ಯೋ, ಯಾಕಮ್ಮಾ?" ಎಂದು ಕಿರುಚಿದೆ. "ಹೊಳೆಯೋ ಕಡೆ ಮುಖ ಅಲ್ವೇನೇ? ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ?" ಎಂದಳು. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಪಾತ್ರೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಗಸಗಸ ಉಜ್ಜಿ ತೊಳೆದೂ ಕೊಟ್ಟಳು. ಕಂಪ್ಯೂಟರ್ ಓಡಿಸಲು ವಿಂಡೋಸ್ ಬದಲು ಹಾಕಬಹುದಾಗಿದ್ದ ಇನ್ನೊಂದು ಸೀಡಿ, ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್, ಬಚಾವಾಯಿತು. ಬಿಟ್ಟಿ ಬಂದದ್ದಕ್ಕೆ ಪೂಜೆ ಯಾಕೆಂದು ಅಮ್ಮ ಅದನ್ನು ಮುಟ್ಟಿರಲಿಲ್ಲ.

ಇದು ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷದ ಮಾತು. ಮುಳಬಾಗಿಲಿನಲ್ಲಿ ಅಪ್ಪನದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಆವನಿಯಿಂದಲೂ ಹುಡುಗಿಯರು ಬಸ್ಸು ಹತ್ತಿ ಬಂದು ಅವರ ಬಳಿ ಕನ್ನಡ ಟೈಪಿಂಗ್ ಕಲಿತಿದ್ದರು. ಕೀಗಳ ಮೇಲೆ ಟವೆಲ್ ಹೊದಿಸಿ, ನೋಡದೆ ಹೊಡೆಸುವುದು ಅವರ ಪದ್ಧತಿ. ಈಗ ಬಂದವರೆಲ್ಲ ಕಂಪ್ಯೂಟರ್ ಕೇಳುತ್ತಿದ್ದರು, ನಾನೇ ಹಟ ಹಿಡಿದು ಒಂದನ್ನು ತರಿಸಿದೆ. ಅಪ್ಪ ಕೂತು "ಅಮ್ಮ" ಎಂದು ಹೊಡೆದರೆ ಬೇರೇನೋ ಮೂಡಿತು. ಅಕ್ಷರಗಳ ಜಾಗವೆಲ್ಲ ಅದಲುಬದಲು! ಟೈಪ್‌ರೈಟರಿನ ಮೇಲೆ ಮೂವತ್ತು ವರ್ಷ ಪಳಗಿದ ಬೆರಳುಗಳು ವಾರವಿಡೀ ತಡಕಾಡಿದವು. ಸಿಟ್ಟು ಬಂದರೆ ಅಪ್ಪ ತೆಲುಗಿಗೆ ಹಾರುತ್ತಿದ್ದರು.

"ಏಂ ಖರ್ಮರಾ ಇದಿ! ದೀಪಾವಳಿಗೆ ಬಾಗಿಲು ಹಾಕ್ಬಿಡ್ತೀನಿ ಕಣೇ. ತನಗೇ ಬರದ ಮೇಷ್ಟ್ರು ಏನ್ ಹೇಳ್ಕೊಡ್ತಾನೆ?"

ಆ ಯಂತ್ರ ತಂದವಳು ನಾನೇ ಅಲ್ಲವೇ.

ಯಾವುದು ಸುಲಭ ಎಂದು ಯಾರಾದರೂ ಕೇಳಿದ್ದರೆ ಆಗ ನಾನು ಕಣ್ಣುಮುಚ್ಚಿ ವಿಂಡೋಸ್ ಎನ್ನುತ್ತಿದ್ದೆ. ಪ್ರಿಂಟರ್ ಸಿಕ್ಕಿಸಿದರೆ ತಾನೇ ಗುರುತು ಹಿಡಿಯುತ್ತಿತ್ತು. ಅದರ ಇಸ್ಪೀಟಾಟ ಅಮ್ಮನಿಗೆ ಒಂದೇ ಮಧ್ಯಾಹ್ನದಲ್ಲಿ ಕರಗತವಾಯಿತು. ಆದರೆ ಪೂಜೆಯಾದ ಮೂರನೇ ದಿನ ಯಾರದೋ ಫ್ಲಾಪಿಯಿಂದ ವೈರಸ್ ಹತ್ತಿ ಕಂಪ್ಯೂಟರ್ ಮಲಗಿಬಿಟ್ಟಿತು. ಮತ್ತೆ ಹಾಕೋಣವೆಂದರೆ ಅಮ್ಮ ತೊಳೆದ ಸೀಡಿ ಗರ್ ಎಂದು ಗೊಣಗಿ ಹೊರಗೆ ಬಂತು. ಉಳಿದದ್ದು ಪುಕ್ಕಟೆಯದೊಂದೇ.

ಅಬ್ಬಾ, ಆ ಲಿನಕ್ಸ್ ನನ್ನನ್ನು ಅಳಿಸಿಬಿಟ್ಟಿತು! ಪ್ರಿಂಟರ್ ಓಡಿಸಲು ಮೂರು ದಿನ ಹಿಡಿಯಿತು, ಸ್ಪೀಕರ್ ಕೊನೆಗೂ ಬಾಯಿ ಬಿಡಲಿಲ್ಲ, ಇಸ್ಪೀಟು ಕಾಣದೆ ಅಮ್ಮ ಮುನಿಸಿಕೊಂಡಳು. ಹಾಳಾದ್ದು ಎಂದು ಬೈಯುತ್ತ ಒಳಗೆಲ್ಲ ಕೆದಕುವಾಗ ಒಂದು ಫೈಲ್ ಸಿಕ್ಕಿತು. ಯಾವ ಕೀಗೆ ಯಾವ ಅಕ್ಷರ ಎಂದು ಸಾಲುಸಾಲಾಗಿ ಬರೆದಿತ್ತು. ಓದಬಹುದು. ತಿದ್ದಲೂಬಹುದು! ಕುರ್ಚಿಯಿಂದ ಎಗರಿದೆ.

"ಅಪ್ಪಾ, ನಿಮ್ಮ ಮಿಷನ್ನಲ್ಲಿ ಯಾವ ಅಕ್ಷರ ಎಲ್ಲಿದೆ ಹೇಳಿ!"

"ಹೇಳೋಕ್ ಬರಲ್ಲ ಕಣೇ. ಬೆರಳಿಗೆ ಗೊತ್ತು."

ನಿಜ, ಹಳೆಯ ಕೀಗಳ ಮೇಲಿನ ಅಕ್ಷರಗಳು ಸವೆದೇ ಹೋಗಿದ್ದವು. ಅವರು ಟೈಪ್‌ರೈಟರಿನಲ್ಲಿ ಒಂದೊಂದೇ ಅಕ್ಷರ ಟಪ್ ಎಂದು ಹೊಡೆಯುವುದು, ಬೆರಳು ಎಲ್ಲಿ ಬಿತ್ತೆಂದು ನೋಡಿ ನಾನು ಫೈಲಿನಲ್ಲಿ ತಿದ್ದುವುದು. ಒತ್ತಕ್ಷರಗಳು ಒಂದು ವಾರ ಸತಾಯಿಸಿದವು. ಅಮ್ಮ ಕಾಫಿಯ ಮೇಲೆ ಕಾಫಿ ತಂದಿಟ್ಟು, "ಎಲ್ಲಾ ನನ್ನ ಕುಂಕುಮದ ಮಹಿಮೆ" ಎಂದು ಬೀಗಿದಳು.

ದೀಪಾವಳಿಯ ನೀರು ತುಂಬುವ ದಿನ ಅಪ್ಪ ಕಂಪ್ಯೂಟರಿನ ಮುಂದೆ ಕೂತರು. ಹೆಗಲ ಮೇಲಿನ ಟವೆಲ್ ತೆಗೆದು ಕೀಬೋರ್ಡಿಗೂ ತಮ್ಮ ಕೈಗಳಿಗೂ ಸೇರಿಸಿ ಹೊದಿಸಿಕೊಂಡರು. ಆಮೇಲೆ ನೋಡಬೇಕಿತ್ತು! ಟವೆಲ್ ಕುಣಿಯತೊಡಗಿತು, ಪರದೆಯ ಮೇಲೆ ಕನ್ನಡ ಹರಿಯಿತು, ಒಂದೇ ಒಂದು ತಪ್ಪಿಲ್ಲ. ಸಾಲು ಮುಗಿದಾಗಲೆಲ್ಲ ಅವರ ಎಡಗೈ ಮೇಲೆದ್ದು, ಟೈಪ್‌ರೈಟರಿನಲ್ಲಿ ಸಾಲು ಬದಲಿಸುವ ಹಿಡಿಯನ್ನು ಗಾಳಿಯಲ್ಲೇ ತಳ್ಳುತ್ತಿತ್ತು. ನಾನೂ ಅಮ್ಮನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಇಷ್ಟು ಸುಲಭ ಅಂತ ಮೊದಲೇ ಹೇಳೋದಲ್ವೇನೇ!" ಎಂದರು ಅಪ್ಪ.

ಖುಷಿಯಲ್ಲಿ ನಾನೂ ಒಂದು ಸಾಲು ಹೊಡೆಯಲು ಕೂತೆ. ನನಗೆ ಒಂದು ಅಕ್ಷರವೂ ಸಿಗಲಿಲ್ಲ. ಜಾಗಗಳೆಲ್ಲ ಈಗ ಅಪ್ಪನವು.

"ಏನೇ ಅದು, ಕೋಳಿ ಕೆದಕಿದ ಹಾಗೆ?" ಎನ್ನುತ್ತ ಅಪ್ಪ ಟವೆಲನ್ನು ನನ್ನ ಕೈಗಳ ಮೇಲೆ ಎಸೆದರು. "ಬೆನ್ನು ನೆಟ್ಟಗೆ. ಕೆಳಗೆ ನೋಡ್ಬೇಡ. ಮೊದಲ್ನೇ ಪಾಠ."